ಬೆರಳ ಕೆಳಗಿನ ಗುಂಡಿ

ಬೂದುಬಣ್ಣದ ಪುಟ್ಟ ಪರದೆಯಲ್ಲಿ ‘ಹೇಳು, ನೇಡೀನ್’ ಎಂಬ ಅಕ್ಷರಗಳು ಮೂಡಿದಾಗ ವರ್ಲಿನ್ ಹೆಂಡತಿಯ ಬೆರಳನ್ನೇ ನೋಡಿದ. ಕಾಯಿಲೆ ಅವಳ ಮಾತನ್ನು ಕಿತ್ತುಕೊಂಡದ್ದು ಬೇಸಿಗೆಯಲ್ಲಿ. ಒಂದು ಕಾಲಕ್ಕೆ ಟೆಲಿಫೋನ್ ತಂತಿಗೆ ಸಿಕ್ಕಿಸಿ ಈಮೇಲ್ ಕಳಿಸಲು ಬಳಸುತ್ತಿದ್ದ, ಅಕ್ಷರದ ಗುಂಡಿಗಳಿದ್ದ ಈ ಹಳೇ ಯಂತ್ರವನ್ನು ಅವನು ಆ ಬೇಸಿಗೆಯಲ್ಲೇ ಪಕ್ಕದ ಬೀದಿಯಲ್ಲಿ ಯಾರೋ ಮನೆಯ ಹಳೇ ಸಾಮಾನು ಮಾರುತ್ತಿದ್ದಲ್ಲಿ ಹುಡುಕಿ ತಂದಿದ್ದ. ಈಗ ಕಿಟಕಿಯಾಚೆ ಹಿಮ ಬೀಳುತ್ತಿತ್ತು.

“ನೋಡು ಟ್ವೈಲಾ, ಇನ್ಮೇಲೆ ಅವಳು ಬರೆದದ್ದನ್ನ ಇದೇ ಓದಿ ಹೇಳುತ್ತೆ. ಒಳಗಿನ ಪ್ರೋಗ್ರಾಂ ಪೂರ್ತಿ ನಂದೇ,” ಎಂದ.

ನಾದಿನಿ ಟ್ವೈಲಾ ಸೂಪಿನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು. “ತಂದ ದಿನಾನೇ ಇದ್ರಲ್ಲಿ ಬರೀಬಹುದಿತ್ತಲ್ಲೋ! ‘ನಿನ್ನ ಕಾಫಿ ಕುಡಿಯೋಕಾಗಲ್ಲ’ ಅಂತ ಬರೆದು ನಕ್ಕಿರ್ಲಿಲ್ವಾ ಅವಳು? ಆಮೇಲೆ ನೀನು ಇದನ್ನ ಹೊತ್ಕೊಂಡು ನೆಲಮಾಳಿಗೆಗೆ ಇಳಿದವನು ಇವತ್ತು ಹತ್ತಿದೀಯ.”

“ಆಗ ಇದಕ್ಕೆ ದನಿ ಇರ್ಲಿಲ್ಲ.”

“ದನಿ ಬೇಕು ಅಂತ ಅವಳು ಕೇಳಿದ್ಲಾ?”

ನೇಡೀನಳ ತೋರುಬೆರಳು ಗುಂಡಿಯ ಮೇಲೆ ಕೂತಿತ್ತು. ಅದು ಸಣ್ಣಗೆ ನಡುಗಿತು, ಆದರೆ ಗುಂಡಿ ಕೆಳಗಿಳಿಯಲಿಲ್ಲ. ಅವಳ ಕಣ್ಣು ಪರದೆಯನ್ನು ಬಿಟ್ಟು ಗಂಡನ ಮುಖಕ್ಕೆ ಬಂದು ನಿಂತಿತು.

“ಗುಂಡಿ ಸ್ವಲ್ಪ ಬಿಗಿ, ಅಷ್ಟೇ,” ಎಂದು ವರ್ಲಿನ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. “ಇನ್ನೊಂದು ವಾರ ಕೊಡು, ಚಿನ್ನ. ಸಡಿಲ ಮಾಡ್ತೀನಿ.”

ಯಂತ್ರವನ್ನು ಎತ್ತಿಕೊಳ್ಳಬೇಕಾದರೆ ಮೊದಲು ಅದರ ಮೇಲಿದ್ದ ಅವಳ ಕೈಯನ್ನು ಅವನೇ ಎತ್ತಿ ಪಕ್ಕಕ್ಕಿಡಬೇಕಾಯಿತು.