ಪೈಪಿನ ನಟ್ಟನಡುವೆ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನ್ನ ಭುಜಗಳು ತಾವಾಗಿಯೇ ಮುದುಡಿಕೊಳ್ಳುತ್ತವೆ.

ಸಗರ ಊರಿನ ನಮ್ಮ ಹೊಲದ ಪಕ್ಕ ಹೊಸದಾಗಿ ಕಾಲುವೆ ಆಗಿತ್ತು. ಅದಕ್ಕೆ ಮೊದಲ ನೀರು ಬಿಡುವ ಮಧ್ಯಾಹ್ನವೇ ನನ್ನ ಪುಟ್ಟ ತಮ್ಮ ಆಡುಮರಿಯ ಬೆನ್ನುಹತ್ತಿ ಬಂಡಿದಾರಿಯ ಕೆಳಗೆ ಕಾಲುವೆ ನೀರು ಹಾಯಲು ಹಾಕಿದ್ದ ಸಿಮೆಂಟ್ ಪೈಪಿನೊಳಗೆ ಹೊಕ್ಕ. ಮರಿ ಆಚೆ ಹಾರಿ ಹೋಯಿತು. ತಮ್ಮ ಹೆದರಿ ಒಳಗೇ ಕುಳಿತು ಅಳತೊಡಗಿದ. ನೀರು ತಡೆಯಿರೆಂದು ಹೇಳಲು ಕಾಕಾ ಸೈಕಲ್ ಹತ್ತಿ ಓಡಿದ.

ಅಪ್ಪ ನುಗ್ಗಲು ನೋಡಿದ, ಭುಜ ಹಿಡಿಸಲಿಲ್ಲ. ನನ್ನ ಕಡೆ ತಿರುಗಿದ.

"ತಡೀರಿ, ಇಕಿ ನಡುವ ಸಿಕ್ಕೊಂಡ್ರ ಇಬ್ಬರೂ ಹೋಗ್ತಾರ. ಅಳದು ನೋಡೂಣು," ಎಂದಳು ಅವ್ವ. ಜೋಳದ ದಂಟೊಂದನ್ನು ಪೈಪಿನ ಬಾಯಿಯ ಮೇಲ್ಭಾಗಕ್ಕೆ ಅಡ್ಡ ಹಿಡಿದು, ಅಷ್ಟಕ್ಕೇ ಮುರಿದು ನನ್ನ ಬೆನ್ನಿಗೆ ಭುಜದಿಂದ ಭುಜಕ್ಕೆ ಇಟ್ಟಳು. ದಂಟು ಸಾಲಲಿಲ್ಲ. "ಇಕಿನೂ ಹಿಡ್ಸಂಗಿಲ್ರಿ."

"ಅವ್ವಾ, ಅಲ್ಲಲ್ಲ, ನಟ್ಟನಡುವ ಹಿಡೀಬೇಕು," ಎಂದೆ. ಶಾಲೆಯಲ್ಲಿ ಆ ವಾರವಷ್ಟೇ ಕಲಿತಿದ್ದೆ. "ಅದಕ್ಕ ವ್ಯಾಸ ಅಂತಾರ. ಅಲ್ಲೇ ಅಗಲ ಬಾಳ."

ಅವ್ವ ಕೈಯಲ್ಲಿನ ದಂಟನ್ನು ಬಿಡಲಿಲ್ಲ. ಇನ್ನೊಂದು ದಂಟು ಮುರಿದು ನಾನೇ ಅಳೆದೆ. ನನ್ನ ಭುಜ ಒಳಗಾಗಿ ಒಂದು ಬೆರಳಿನಷ್ಟು ಜಾಗ ಉಳಿಯಿತು.

ಅಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದ. ಒಳಗೆ ಕತ್ತಲು, ಭುಜ ತರಚುವ ಸಿಮೆಂಟು. ಕೊನೆಗೆ ತಮ್ಮನ ಬೆವರಿದ ಕಾಲು ಕೈಗೆ ಸಿಕ್ಕಿತು. "ಎಳೀ ಅಪ್ಪಾ!" ಎಂದು ಕೂಗಿದೆ.

ನಾವು ದಂಡೆ ಹತ್ತುವಷ್ಟರಲ್ಲಿ ಕೆಂಪು ನೀರು ನೊರೆಯೆಬ್ಬಿಸುತ್ತ ಪೈಪಿನೊಳಗೆ ನುಗ್ಗಿತು. ಅವ್ವ ತಮ್ಮನನ್ನು ಎದೆಗವಚಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ನನ್ನ ಜಡೆಯನ್ನು ಬಿಗಿಯಾಗಿ ಹಿಡಿದಿದ್ದಳು.

"ನಡುವ ಎಲ್ಲೈತಿ ಅಂತ ನನಗ ಗೊತ್ತಿದ್ದಿಲ್ಲೇನು?" ಎಂದಳು.