ಮೂವತ್ತು ಖಾಲಿ ಪಟ್ಟಿ

“ಇದೇನಜ್ಜ, ಹಲ್ಲುದುರಿದ ಬಾಯಿ ಥರ ಕುಸಿದಿದೆ!” ಅಧಿಕಾರಿ ನೆಲಬಾಂಬು ನಿಷೇಧದ ಒಪ್ಪಂದ ಪುಸ್ತಕವನ್ನು ಮೇಜಿನ ಮೇಲೆ ಹೊರಳಿಸಿದ. ಬೆನ್ನು ದಪ್ಪ, ಅಂಚು ತೆಳು. “ಮಧ್ಯಾಹ್ನ ಸಮಾರಂಭ. ಫೋಟೋದವರು ಬರ್ತಾರೆ.”

ಬೈಂಡಿಂಗ್ ಅಜ್ಜ ಕನ್ನಡಕ ಏರಿಸಿಕೊಂಡ. ನಲವತ್ತು ವರ್ಷ ದೇಶದೇಶಗಳ ಒಪ್ಪಂದ ಹೊಲಿದ ಕೈ ಅವನದು. ಒಳಗಿರುವುದನ್ನು ಓದುವಷ್ಟು ಓದಿದವನಲ್ಲ. ಯಾರ ಹಾಳೆ ಬಂತು, ಯಾರದು ಬರಲಿಲ್ಲ ಎಂಬುದು ಮಾತ್ರ ಬೆರಳಿಗೆ ಗೊತ್ತು. ಮೊದಲು ಬೆನ್ನಿನಲ್ಲಿ ಬೆರಳಗಲದ ಕಾಗದದ ಪಟ್ಟಿ ಹೊಲಿದಿಡುವುದು, ರುಜು ಬಿದ್ದ ಹಾಳೆ ಬಂದಮೇಲೆ ಅದಕ್ಕೆ ಅಂಟಿಸುವುದು. ಚಿಕ್ಕ ದೇಶಕ್ಕೆ ಒಂದೊಂದು ಪಟ್ಟಿ. ದೊಡ್ಡ ಮೂರು ದೇಶಗಳಿಗೆ ಹತ್ತತ್ತು ಎಂದು ಬೆರಳಿಟ್ಟು ತೋರಿಸಿದ.

“ಅವರಿಗ್ಯಾಕೆ ಅಷ್ಟೊಂದು?”

“ರುಜು ಒಂದು ಸಾಲು, ಷರತ್ತು ಒಂಬತ್ತು ಹಾಳೆ. ದೊಡ್ಡೋರ ಪದ್ಧತಿ, ಸ್ವಾಮಿ.”

ಈ ಸಲ ಆ ಮೂವರಿಂದ ಒಂದು ಹಾಳೆಯೂ ಬಂದಿರಲಿಲ್ಲ. ಒಬ್ಬರು ಮೂರು ವರ್ಷ ಕೂತು, ಒಂದೊಂದು ಪದಕ್ಕೂ ಜಗ್ಗಾಡಿ ಕರಡು ತಿದ್ದಿಸಿ, ರುಜುವಿನ ದಿನ ಎದ್ದುಹೋದರು. ಇನ್ನೊಬ್ಬರು ರುಜುವೇನೋ ಹಾಕಿದರು. ಮನೆಯಲ್ಲಿ ಕೇಳಿ ಬರ್ತೀವಿ ಅಂತ ಹಾಳೆಯನ್ನೇ ಕೊಂಡೊಯ್ದರು. ಮೂರನೆಯವರು ‘ನೀವು ಮುಂದೆ, ನಾವು ಹಿಂದೆ’ ಅಂತ ಕಾಲು ಚಾಚಿ ಕೂತರು. ನೋಡಿದರೆ, ಬಾಂಬಿನ ಕಾರ್ಖಾನೆ ಇರುವುದು ಆ ಮೂವರ ಹತ್ತಿರವೇ.

“ಖಾಲಿ ಪಟ್ಟಿ ಕಿತ್ತುಬಿಡಿ.”

“ಇಡೀ ಪುಸ್ತಕಕ್ಕೆ ಒಂದೇ ದಾರ. ಅವರದನ್ನ ಕಿತ್ತರೆ ಉಳಿದೋರದೂ ಬಿಚ್ಚಿಕೊಳ್ಳುತ್ತೆ. ನಾಳೆ ಅವರು ಬಂದರೆ ಎಲ್ಲಿ ಸೇರಿಸ್ಲಿ?”

“ಬರೋರು ಬಂದಾಗ ನೋಡೋಣ. ಈಗ ಬಿಳಿ ಹಾಳೆ ಅಂಟಿಸಿ. ತೆರೆದು ನೋಡೋರ್ಯಾರು? ಫೋಟೋದಲ್ಲಿ ತುಂಬಿಕೊಂಡು ಕಂಡರಾಯ್ತು.”

ಒಮ್ಮೆ ಅಂಟಿಸಿದರೆ ಆ ಜಾಗ ಮುಚ್ಚಿಹೋದಂತೆಯೇ. ಅಜ್ಜನ ಕೈ ಗೋಂದಿನ ಬಟ್ಟಲ ತನಕ ಹೋಗಿ ನಿಂತಿತು. ಕಿಟಕಿಯ ಪಕ್ಕ ಹೊಲಿಗೆಗೆ ಕೂತಿದ್ದ ಮಗಳ ಕಡೆ ತಿರುಗಿದ. ಹನ್ನೊಂದರ ವಯಸ್ಸಿನಲ್ಲಿ ಆಡು ಅಟ್ಟಿಕೊಂಡು ಹೋಗಿ, ಹೊಲದ ಬದುವಿನಲ್ಲಿ ನೆಲಬಾಂಬು ತುಳಿದವಳು.

“ನೀನೇ ಹೇಳಮ್ಮ, ಅಂಟಿಸ್ಲಾ?”

ಮಗಳು ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು ಎದ್ದಳು. ಟಕ್, ಟಕ್ ಎಂದು ಮರದ ಕಾಲು ಊರುತ್ತ ಬಂದು, ಗೋಂದಿನ ಬಟ್ಟಲಿಗೆ ಮುಚ್ಚಳ ಹಾಕಿದಳು.

“ಫೋಟೋದಲ್ಲಿ ನನಗೂ ಎರಡು ಕಾಲಿವೆ, ಸಾರ್.”