ಕತ್ತು ಮುರಿದ ಸಸಿಗಳು

ದೊಣ್ಣೆ ಬಿದ್ದ ಸದ್ದಿಗೆ ಮೂರು ಹೊಲದಾಚೆಯ ಕಾಗೆಗಳು ಮೊಟ್ಟೆ ಬಿಟ್ಟು ಹಾರಿದವು. ಬಿದ್ದದ್ದು ತಮ್ಮನ ಬಲಗೈ ಮೇಲೆ. ಹೆಬ್ಬೆರಳು ಬುಡದಲ್ಲೇ ಲಟಕ್ಕೆಂದಿತು.

"ಸಿಕ್ಕಿಬಿದ್ದೆಯಲ್ಲೋ ಕಳ್ಳ! ಏನೋ ಹಾಕ್ತಿದ್ದೆ ನನ್ನ ಹೊಲಕ್ಕೆ?"

ಅಣ್ಣನಿಗೆ ಊರು ಇಟ್ಟ ಹೆಸರು ಗುದ್ದಣ್ಣ. ಅವನು ಸೀನಿದರೆ ನಾಲ್ಕು ಮನೆಯ ಹೆಂಚು ಜಾರುತ್ತಿತ್ತು. ಸಿಟ್ಟಾದರೆ ಯಮನೂ ಕೋಣವನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದ. ಇವತ್ತಿನ ಸಿಟ್ಟಿಗೆ ಕಾರಣವೂ ಇತ್ತು. ಅವನ ಕಡಲೆಕಾಯಿ ಸಸಿಗಳು ಸಾಲುಸಾಲಾಗಿ ಕತ್ತು ಮುರಿದು ಮಲಗಿದ್ದವು. ಕಿತ್ತು ನೋಡಿದರೆ ಬುಡದಲ್ಲಿ ಮಸಿಯಂಥ ಕಪ್ಪು ಪುಡಿ. ಹೆಣಗಳ ನಡುವೆ ಅಲ್ಲೊಂದು ಇಲ್ಲೊಂದು ಎಳೆ ಸಸಿ ಮಾತ್ರ ಅಣಕಿಸುವಂತೆ ಹಲ್ಲು ಕಿರಿಯುತ್ತ ನಿಂತಿತ್ತು.

ಬದುವಿನಾಚೆ ತಮ್ಮನ ಹೊಲ. ಅದೇ ಮಣ್ಣು, ಅದೇ ರಾಶಿಯ ಕಾಯಿ, ಒಂದೇ ದಿನದ ಬಿತ್ತನೆ. ಅಲ್ಲಿ ಮಾತ್ರ ಹಸಿರು ಗಿಜಿಗುಡುತ್ತಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸತ್ತ ಸಸಿಗಳ ಪಕ್ಕದಲ್ಲೆಲ್ಲ ತಮ್ಮನ ಹೆಜ್ಜೆ, ಬೆರಳಿಂದ ಒತ್ತಿದ ಗುಳಿ. ಗುದ್ದಣ್ಣ ಬೆಳಕು ಹರಿಯುವ ಮೊದಲೇ ಬದುವಿನ ಹಿಂದೆ ಹೊಂಚು ಹಾಕಿದ್ದ. ಈಗ ಆಸಾಮಿ ಸಿಕ್ಕಿದ್ದ, ಸೊಂಟದ ಚೀಲ ಸಮೇತ.

"ಅಣ್ಣಾ, ಕೈ ಹೋಯ್ತು..."

"ಕೈ ಅಷ್ಟೇ ಹೋಗಿದ್ದು ನಿನ್ನ ಪುಣ್ಯ. ಆ ಚೀಲ ಕೊಡು."

"ಕೊಡಲ್ಲ. ನೋಡಿದ್ರೆ ನಿನಗೆ ಇನ್ನೂ ಉರಿಯತ್ತೆ."

ಗುದ್ದಣ್ಣ ಅವನ ಕತ್ತು ಹಿಡಿದು ಪಂಪಿನ ಮನೆಯ ಗೋಡೆಗೆ ಅಪ್ಪಳಿಸಿದ. ಗೋಡೆಗೆ ರಕ್ತ ಚಿಮ್ಮಿತು. ಈ ನರಪೇತಲನಿಗೆ ಇಷ್ಟು ಹೊಟ್ಟೆಕಿಚ್ಚೆ! ಬಿತ್ತನೆಗೆ ಮುಂಚೆ ವಾರವಿಡೀ ಹೆಬ್ಬೆರಳಲ್ಲಿ ಒಂದೊಂದೇ ಕಾಯಿ ಒತ್ತಿ ಬೀಜ ಬಿಡಿಸಿ, ಉಗುರು ಕಿತ್ತು ಬಟ್ಟೆ ಸುತ್ತಿಕೊಂಡಿದ್ದ. ಗುದ್ದಣ್ಣನೋ, ಮೂಟೆಯನ್ನು ನೆಲಕ್ಕೆ ಕೆಡವಿ, ಇದೇ ದೊಣ್ಣೆಯಿಂದ ಬಡಿದು, ಮಧ್ಯಾಹ್ನದ ಊಟಕ್ಕೆ ಮೊದಲೇ ಕೈ ತೊಳೆದಿದ್ದ. ಗಂಡಸು ಅಂದರೆ ಹಾಗಿರಬೇಕು!

ದೊಣ್ಣೆ ತಮ್ಮನ ತಲೆಯ ಮೇಲಕ್ಕೆ ಎದ್ದಿತು.

ಕೂಗಾಟ ಕೇಳಿ ಗುದ್ದಣ್ಣನ ಹೆಂಡತಿ ಓಡಿ ಬಂದಳು. ಮಡಿಲಲ್ಲಿದ್ದುದನ್ನು ಗಂಡನ ಕಾಲ ಬಳಿ ಸುರಿದಳು. ಅವರದೇ ಮಂಚದ ಕೆಳಗಿನ ಮೂಟೆಯಲ್ಲಿ ಬಿತ್ತಿ ಉಳಿದ ಬೀಜ. ಒಂದರ ಸಿಪ್ಪೆಯೂ ನೆಟ್ಟಗಿರಲಿಲ್ಲ. ಬಿರುಕುಗಳ ತುಂಬ ಅದೇ ಕಪ್ಪು ಪುಡಿ.

"ಇದಕ್ಕೂ ನಿಮ್ಮ ತಮ್ಮನೇ ವಿಷ ಹಾಕಿದ್ನಾ? ನಮ್ಮ ಮಂಚದ ಕೆಳಗೆ ನುಗ್ಗಿ? ಇದು ಬೂಷ್ಟು ಕಣ್ರೀ. ಯಾವ ಮಣ್ಣಲ್ಲಾದ್ರೂ ಇರತ್ತೆ, ಗಾಯ ಆದ ಬೀಜ ಕಂಡ್ರೆ ಒಳಗೆ ನುಗ್ಗತ್ತೆ. ಗಾಯ ಮಾಡಿದ್ದು ಯಾರು, ಹೇಳಿ?"

ಗುದ್ದಣ್ಣ ಮೇಲೆತ್ತಿದ ದೊಣ್ಣೆಯನ್ನು ಮೊದಲ ಸಲ ಕಂಡವನಂತೆ ನೋಡಿದ. ಆದರೂ ಸೋಲುವ ಜಾಯಮಾನ ಅವನದಲ್ಲ.

"ಹಾಗಾದ್ರೆ ಇವನು ಇಲ್ಲಿ ಊರ್ತಿದ್ದದ್ದು ಏನು?" ಎಂದು ಅಬ್ಬರಿಸಿ ಚೀಲ ಕಿತ್ತ.

ಹರಿದ ಚೀಲದಿಂದ ಉದುರಿದ್ದು ಒಂದು ಗೀರೂ ಇಲ್ಲದ ಕೆಂಪು ಬೀಜಗಳು. ಹೊಲದಲ್ಲಿ ಹಲ್ಲು ಕಿರಿಯುತ್ತಿದ್ದ ಆ ಎಳೆ ಸಸಿಗಳನ್ನೆಲ್ಲ, ಅಣ್ಣನಿಗೆ ಗೊತ್ತಾಗದಂತೆ, ಸತ್ತವುಗಳ ಜಾಗದಲ್ಲಿ ಊರಿದ್ದು ಗುದ್ದಣ್ಣ ಈಗಷ್ಟೇ ಮುರಿದ ಹೆಬ್ಬೆರಳು.